ಓಣಿಯ ಬಾಗಿಲು

2025ರ ಅಕ್ಟೋಬರ್ ತಿಂಗಳಿನಲ್ಲಿ ಎಂಟು ದಿನಗಳ ಕಾಲ ನಾನು ಇಟಲಿಯ ನೇಪಲ್ಸ್ ನಗರದ ಒಂದು ಇಕ್ಕಟ್ಟಾದ ಓಣಿಯಲ್ಲಿ ವಾಸವಾಗಿದ್ದೆ. ವಾಸವಾಗಿದ್ದೆ ಎಂದು ಬರೆಯಲು ಕೈ ಕೊಂಚ ಹಿಂಜರಿಯುತ್ತದೆ. ಬಾಡಿಗೆ ತೆತ್ತು ಇಳಿದುಕೊಂಡಿದ್ದೆ ಎಂದರೆ ಸತ್ಯಕ್ಕೆ ಹತ್ತಿರವಾದೀತು. ಈ ಎರಡು ಮಾತುಗಳಿಗಿರುವ ಅಂತರವೇ ಇಂದು ಇಟಲಿಯ ಹಳೆಯ ಊರುಗಳನ್ನು ಕಾಡುತ್ತಿರುವ ಪ್ರಶ್ನೆಯಾದ್ದರಿಂದ, ಆ ಪ್ರಶ್ನೆಯಲ್ಲಿ ನನ್ನದೂ ಒಂದು ಪಾಲಿದೆಯೆಂಬುದನ್ನು ವಾಚಕರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ನೇಪಲ್ಸಿನ ಹೆಬ್ಬೀದಿಗೆ ವೀಯ ತೊಲೇದೊ ಎಂದು ಹೆಸರು. ಸ್ಪೇನಿನ ದೊರೆಯ ಪ್ರತಿನಿಧಿಯಾಗಿ ಈ ನಗರವನ್ನು ಆಳುತ್ತಿದ್ದ ಡಾನ್ ಪೇದ್ರೊ ದ ತೊಲೇದೊ 1536ರಲ್ಲಿ ಅದನ್ನು ಹಾಕಿಸಿದನು. ಆ ಬೀದಿಯ ಒಂದು ಮಗ್ಗುಲಲ್ಲಿ, ಸಾನ್ ಮಾರ್ತೀನೊ ಗುಡ್ಡದ ಇಳಿಜಾರಿನ ಮೇಲೆ, ತನ್ನ ದಂಡಿನವರ ಬಿಡಾರಕ್ಕೆಂದು ಅವನು ಏರ್ಪಡಿಸಿದ ಕೇರಿಯನ್ನು ಇಂದಿಗೂ ಸ್ಪೇನಿಗರ ಕೇರಿ ಎಂದೇ ಕರೆಯುತ್ತಾರೆ. ಸ್ಪೇನಿಗರು ಹೋಗಿ ಶತಮಾನಗಳು ಸಂದಿವೆ. ಪಗಡೆಯ ಹಾಸಿನಂತೆ ಒಂದನ್ನೊಂದು ಕತ್ತರಿಸಿ ಹೋಗುವ ಓಣಿಗಳು, ಅವುಗಳ ಎರಡೂ ಕಡೆ ಐದಾರು ಅಂತಸ್ತುಗಳ ಹಳೆಯ ಮನೆಗಳು, ಕಾಲಡಿಯಲ್ಲಿ ಅಗ್ನಿಪರ್ವತದ ಕಪ್ಪುಕಲ್ಲಿನ ಹಾಸು, ಇವು ಉಳಿದಿವೆ. ಓಣಿಯೊಳಗೆ ಒಂದು ಸಣ್ಣ ಕಾರು ನುಗ್ಗಿತೆಂದರೆ ನಡೆಯುವವರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಬಿಸಿಲು ನೆಲವನ್ನು ಮುಟ್ಟುವುದು ನಡುಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ. ಮಿಕ್ಕ ವೇಳೆಯಲ್ಲೆಲ್ಲ ಅದು ಮೇಲಿನ ಅಂತಸ್ತುಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಬಿದ್ದು ಅಲ್ಲಿಂದಲೇ ಮರಳಿಹೋಗುತ್ತದೆ.

ಈ ಕಟ್ಟಡಗಳ ನೆಲಮಟ್ಟದಲ್ಲಿ ಬೀದಿಗೇ ಬಾಗಿಲು ತೆರೆದ ಒಂದೊಂದೇ ಕೋಣೆಯ ಮನೆಗಳಿವೆ. ಇಟಾಲಿಯನ್ ಭಾಷೆಯಲ್ಲಿ ಅವನ್ನು 'ಬಾಸ್ಸೊ' ಎನ್ನುವರು. ಎಂದರೆ 'ತಗ್ಗಿನದು', 'ಕೆಳಗಿನದು'. ಲಾಯಗಳಾಗಿ, ಉಗ್ರಾಣಗಳಾಗಿ, ಅಂಗಡಿಗಳಾಗಿ ಇದ್ದ ಕೋಣೆಗಳಲ್ಲಿ ಬಡವರ ಸಂಸಾರಗಳು ತುಂಬಿಕೊಂಡು ಅವು ಮನೆಗಳಾದುವು. ಬಾಸ್ಸೊಗೆ ಇರುವುದು ಒಂದೇ ಬಾಗಿಲು. ಹಲವಕ್ಕೆ ಅದೇ ಕಿಟಕಿ. ಹಿಂಭಾಗದಲ್ಲಿ ಗೋಡೆ, ಇಕ್ಕೆಲಗಳಲ್ಲಿ ಗೋಡೆ. ಗಾಳಿ ಬರಬೇಕಾದರೂ ಬೆಳಕು ಬರಬೇಕಾದರೂ ಒಲೆಯ ಹೊಗೆ ಹೋಗಬೇಕಾದರೂ ಬಾಗಿಲನ್ನು ತೆರೆದಿಡಲೇಬೇಕು. ಆದಕಾರಣ ಬೆಳಗಾದೊಡನೆ ಬಾಗಿಲು ತೆರೆಯುತ್ತದೆ, ಕುರ್ಚಿ ಹೊರಕ್ಕೆ ಬರುತ್ತದೆ, ಬಟ್ಟೆ ಒಣಹಾಕುವ ಚೌಕಟ್ಟು ಹೊರಕ್ಕೆ ಬರುತ್ತದೆ, ಹಿಂದೆಯೇ ಮನೆಯವರೂ ಬರುತ್ತಾರೆ. ನಮ್ಮ ಮನೆಗಳ ಮುಂದೆ ಜಗಲಿ ಇರುತ್ತಿದ್ದಿತಷ್ಟೆ. ಇವರಿಗೆ ಜಗಲಿಯೆಂಬುದಿಲ್ಲ, ಬೀದಿಯೇ ಜಗಲಿ. ಒಳಗೆ ಮಂಚ, ಮೇಜು, ಗೋಡೆಯ ಮೇಲೆ ತೀರಿಕೊಂಡವರ ಪಟಗಳು, ಸದಾ ಮಾತನಾಡುವ ದೂರದರ್ಶನ ಯಂತ್ರ. ಎಲ್ಲವೂ ದಾರಿಹೋಕನಿಗೆ ಕಾಣುತ್ತವೆ. ಕಂಡುದಕ್ಕೆ ಮನೆಯವರು ಬೇಸರಿಸಿಕೊಳ್ಳುವುದಿಲ್ಲ. ಆದರೆ ಅವರೂ ದಾರಿಹೋಕನನ್ನು ನೋಡುತ್ತಾರೆ, ಬೇಕಾದರೆ ಮಾತನಾಡಿಸುತ್ತಾರೆ.

ನಾನು ಇಳಿದುಕೊಂಡದ್ದು ಇಂಥದೇ ಒಂದು ಬಾಸ್ಸೊದಲ್ಲಿ. ಅದರ ಗೋಡೆಗಳಿಗೆ ಬಿಳಿಯ ಬಣ್ಣ ಬಳಿದಿದ್ದರು, ನೆಲಕ್ಕೆ ಹೊಸ ಹಾಸು ಹಾಕಿದ್ದರು, ಹವಾನಿಯಂತ್ರಣದ ಯಂತ್ರವನ್ನು ಕೂರಿಸಿದ್ದರು. ಬಾಗಿಲಿನ ಪಕ್ಕದ ಗೋಡೆಯಲ್ಲಿ ಮುಷ್ಟಿಯಷ್ಟು ಗಾತ್ರದ ಕಬ್ಬಿಣದ ಪೆಟ್ಟಿಗೆ ಇದ್ದಿತು. ನನಗೆ ಮೊದಲೇ ತಿಳಿಸಿದ್ದ ನಾಲ್ಕು ಅಂಕಿಗಳನ್ನು ಒತ್ತಿದಾಗ ಅದು ತೆರೆದುಕೊಂಡಿತು, ಒಳಗೆ ಕೀಲಿಕೈ. ಮನೆಯ ಒಡೆಯನಾರೆಂಬುದನ್ನು ಎಂಟು ದಿನಗಳಲ್ಲಿ ನಾನು ಕಾಣಲಿಲ್ಲ. ಯಂತ್ರವೇ ಗಾಳಿಯನ್ನು ತಂಪುಮಾಡುತ್ತಿದ್ದುದರಿಂದ ಬಾಗಿಲನ್ನು ತೆರೆದಿಡುವ ಅಗತ್ಯವೂ ಬೀಳಲಿಲ್ಲ. ಮೊದಲನೆಯ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಎದುರಿನ ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿಯಂಥದೇನನ್ನೋ ಸುಲಿಯುತ್ತಿದ್ದ ವೃದ್ಧೆಯೊಬ್ಬರು ನನ್ನನ್ನು ಒಮ್ಮೆ ನೋಡಿ ಮತ್ತೆ ಸುಲಿಯತೊಡಗಿದರು. ಆ ನೋಟದಲ್ಲಿ ದ್ವೇಷವೇನೂ ಇರಲಿಲ್ಲ. ರೈಲಿನಲ್ಲಿ ಎದುರಿನ ಸೀಟಿನವನನ್ನು ನೋಡುವಂತೆ ನೋಡಿದರು, ಅಷ್ಟೆ.

ಮಾರನೆಯ ದಿನದಿಂದ ನಾನೂ ಬಾಗಿಲು ತೆರೆದಿಟ್ಟು ಕುಳಿತೆ. ಆಗ ಓಣಿಯ ದಿನಚರಿ ಸ್ವಲ್ಪಸ್ವಲ್ಪವಾಗಿ ಕಾಣತೊಡಗಿತು. ಏಳು ಗಂಟೆಗೆಲ್ಲ ಯಾರೋ ಕಲ್ಲುಹಾಸಿನ ಮೇಲೆ ಬಕೆಟ್ಟಿನಿಂದ ನೀರು ಚೆಲ್ಲಿ ಪೊರಕೆಯಿಂದ ಗುಡಿಸುತ್ತಿದ್ದರು. ತಮ್ಮ ಬಾಗಿಲಿನ ಮುಂದಿನಷ್ಟನ್ನು ಮಾತ್ರ. ಬಳಿಕ ಕಾಫಿಯ ವಾಸನೆ. ಮೂರನೆಯ ಅಂತಸ್ತಿನಿಂದ ಒಂದು ಹೆಣ್ಣುದನಿ ಉದ್ದಕ್ಕೆ ಕೂಗಿದೊಡನೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ತೂಗಾಡುತ್ತ ಇಳಿಯುತ್ತಿತ್ತು. ಅದಕ್ಕೆ 'ಪನಾರೊ' ಎಂದು ಹೆಸರು. ಬುಟ್ಟಿಯಲ್ಲಿ ದುಡ್ಡು, ಮೂಲೆಯ ಅಂಗಡಿಯ ಹುಡುಗ ಅದನ್ನು ತೆಗೆದುಕೊಂಡು ಬ್ರೆಡ್ಡನ್ನೂ ಹಾಲನ್ನೂ ಇಟ್ಟು ಚಿಲ್ಲರೆಯನ್ನು ಕಾಗದದಲ್ಲಿ ಸುತ್ತಿ ಹಾಕಿ ಹಗ್ಗವನ್ನು ಎರಡು ಸಲ ಜಗ್ಗುವನು. ಬುಟ್ಟಿ ಮೇಲೇರುವುದು. ಮುಪ್ಪಿನವರಿಗೆ ಐದು ಅಂತಸ್ತಿನ ಮೆಟ್ಟಿಲುಗಳನ್ನು ಇಳಿದೇರುವ ಕಷ್ಟವನ್ನು ಇದು ತಪ್ಪಿಸುತ್ತದೆ. 2020ರ ವಸಂತದಲ್ಲಿ ಕೊರೋನಾ ಪಿಡುಗಿನಿಂದ ಇಟಲಿಯೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ನೇಪಲ್ಸಿನ ಓಣಿಗಳಲ್ಲಿ ಇದೇ ಬುಟ್ಟಿಗಳನ್ನು ಆಹಾರ ತುಂಬಿ ಕೆಳಗೆ ತೂಗಬಿಟ್ಟಿದ್ದರು. ಉಳ್ಳವರು ಹಾಕಿ ಹೋಗುವುದು, ಇಲ್ಲದವರು ತೆಗೆದುಕೊಂಡು ಹೋಗುವುದು. ಯಾರು ಹಾಕಿದರು, ಯಾರು ತೆಗೆದರು ಎಂದು ಕೇಳುವವರಿಲ್ಲ. ಕಾಫಿ ಅಂಗಡಿಯಲ್ಲಿ ತಾನು ಒಂದು ಲೋಟ ಕುಡಿದು ಎರಡರ ಹಣ ಕೊಟ್ಟು, ಎರಡನೆಯದನ್ನು ಮುಂದೆ ಬರುವ ಯಾವನೋ ಬಡವನ ಪಾಲಿಗೆ ಬಿಟ್ಟುಹೋಗುವ ಪದ್ಧತಿಯೂ ಈ ಊರಿನದೇ.

ತಲೆಯ ಮೇಲೆ ಬಟ್ಟೆ ಒಣಗುವ ಹಗ್ಗಗಳನ್ನು ಕುರಿತು ಒಂದು ಮಾತು. ಛಾಯಾಚಿತ್ರಗಳಲ್ಲಿ ಅವು ಬಹಳ ಸೊಗಸಾಗಿ ಕಾಣುವುವು. ಚಿತ್ರದಲ್ಲಿ ಕಾಣದ ಸಂಗತಿಯೊಂದಿದೆ: ಓಣಿಯನ್ನು ದಾಟುವ ಹಗ್ಗದ ಒಂದು ತುದಿಯ ರಾಟೆ ನನ್ನ ಗೋಡೆಯಲ್ಲಿದ್ದರೆ ಇನ್ನೊಂದು ತುದಿಯದು ಎದುರು ಮನೆಯವನ ಗೋಡೆಯಲ್ಲಿರಬೇಕು. ಅವನ ಒಪ್ಪಿಗೆಯಿಲ್ಲದೆ ನನ್ನ ಅಂಗಿ ಒಣಗದು. ಜಗಳವಾಡಿದ ಮನೆಗಳೂ ಹಗ್ಗವನ್ನು ಕಿತ್ತುಹಾಕುವುದಿಲ್ಲ ಎಂದು ಎದುರುಮನೆಯ ಆ ವೃದ್ಧೆ ನನಗೆ ಹೇಳಿದರು. ಅವರು ನೇಪಲ್ಸಿನ ಆಡುಮಾತಿನವರು. ನನ್ನದು ಪುಸ್ತಕದಿಂದ ಕಲಿತ ಹರಕು ಇಟಾಲಿಯನ್. ನನ್ನ ಕನ್ನಡಕವನ್ನು ಕಂಡು ಅವರು ನನ್ನನ್ನು 'ದೊತ್ತೋ' ಎಂದು ಕರೆಯುತ್ತಿದ್ದರು. ಡಾಕ್ಟರೇ ಎಂದು ಅರ್ಥ. ಆ ಊರಿನಲ್ಲಿ ಓದಿದವನಂತೆ ಕಾಣುವ ಯಾರಿಗಾದರೂ ಸಲ್ಲುವ ಗೌರವ.

ಓಣಿಯ ತಿರುವಿನಲ್ಲಿ ಗೋಡೆಗೆ ಹೊಂದಿಸಿದ ಗಾಜಿನ ಗೂಡಿನಲ್ಲಿ ಮೇರಿಮಾತೆಯ ವಿಗ್ರಹ, ಕಾಗದದ ಹೂಗಳು, ಎಂದೂ ಆರದ ಒಂದು ದೀಪ. ಈ ಗೂಡುಗಳಿಗೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಸರಕಾರ ಓಣಿಗಳಲ್ಲಿ ದೀಪಗಳನ್ನು ಇಡಿಸಿದಾಗ, ಕತ್ತಲೆಯೇ ಅನುಕೂಲವಾಗಿದ್ದವರು ಅವನ್ನು ಒಡೆದುಹಾಕಿದರಂತೆ. ಆಗ ರೊಕ್ಕೊ ಎಂಬ ಡೊಮಿನಿಕನ್ ಪಾದ್ರಿ ಮೂಲೆಮೂಲೆಗೆ ಸಂತರ ವಿಗ್ರಹಗಳನ್ನು ಸ್ಥಾಪಿಸಿ, ಅವುಗಳ ಮುಂದೆ ದೀಪ ಹಚ್ಚುವ ಭಾರವನ್ನು ಆಯಾ ಓಣಿಯವರಿಗೇ ವಹಿಸಿದನು. ಸರಕಾರದ ದೀಪವನ್ನು ಒಡೆದ ಕೈ ದೇವರ ದೀಪವನ್ನು ಮುಟ್ಟಲಿಲ್ಲ, ಊರಿಗೆ ಬೆಳಕಾಯಿತು. ಮೇಲಿನಿಂದ ಬಂದ ಸುಧಾರಣೆ ಈ ಓಣಿಗಳಲ್ಲಿ ನಾಟದೆ, ಒಳಗಿನವರ ಕೈಗೆ ಒಪ್ಪಿಸಿದ್ದು ಮಾತ್ರ ನಾಟಿದ ನಿದರ್ಶನಗಳಲ್ಲಿ ಇದು ಒಂದು.

ಜರ್ಮನ್ ವಿಮರ್ಶಕ ವಾಲ್ಟರ್ ಬೆನ್ಯಮಿನ್, ಲಾಟ್ವಿಯದ ರಂಗಕರ್ಮಿ ಆಸ್ಯ ಲಾಟ್ಸಿಸ್ ಇಬ್ಬರೂ ಕೂಡಿ 1925ರಲ್ಲಿ ಈ ನಗರವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ನೇಪಲ್ಸ್ ತಾನು ನಿಂತಿರುವ ಮೃದುಕಲ್ಲಿನಂತೆಯೇ ರಂಧ್ರಮಯವಾದುದೆಂಬುದು ಅವರ ಪ್ರಸಿದ್ಧ ಮಾತು. ಮನೆ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಆರಂಭವಾಯಿತು, ಕೆಲಸ ಯಾವುದು, ಆಟ ಯಾವುದು ಎಂದು ಗೆರೆ ಎಳೆಯಲಾಗದೆಂಬುದು ಅದರ ತಾತ್ಪರ್ಯ. ಆ ಬಳಿಕ ಈ ಊರನ್ನು ನೋಡಲು ಬರುವ ಸುಶಿಕ್ಷಿತರೆಲ್ಲರೂ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ನಾನೂ ಇಟ್ಟುಕೊಂಡಿದ್ದೆ. ಆದರೆ ಬಾಗಿಲು ತೆರೆದಿದ್ದುದು ಒಳಗೆ ಉಸಿರಾಡಲು ಗಾಳಿ ಇರಲಿಲ್ಲವಾದ್ದರಿಂದ ಎಂಬುದನ್ನು ಮರೆತು ಆ ರಂಧ್ರಗಳ ಸೊಬಗನ್ನು ಹೊಗಳುವುದು ನಾಚಿಕೆಗೇಡು.

ಹೊಗಳಿಕೆಗೆ ಮುಂಚೆ ಓಣಿಗೆ ಸಂದದ್ದು ನಿಂದೆ. 1884ರಲ್ಲಿ ಕಾಲರಾ ಬೇನೆ ನೇಪಲ್ಸಿನಲ್ಲಿ ಏಳು ಸಾವಿರದಷ್ಟು ಜನರನ್ನು ಆಹುತಿ ತೆಗೆದುಕೊಂಡಿತು; ಸತ್ತವರಲ್ಲಿ ಬಹು ಮಂದಿ ಬಾಸ್ಸೊಗಳವರು, ಓಣಿಗಳವರು. ಪ್ರಧಾನಮಂತ್ರಿ ದೆಪ್ರೇತಿಸ್ ಈ ನಗರದ ಹೊಟ್ಟೆಯನ್ನು ಬಗೆದುಬಿಡಬೇಕೆಂದು ಘೋಷಿಸಿದನು. ಆಗಿನ್ನೂ ಮೂವತ್ತು ತುಂಬದ ಪತ್ರಕರ್ತೆ ಮತೀಲ್ದೆ ಸೆರಾವೊ ಆ ಮಾತನ್ನೇ ಹಿಡಿದು 'ನೇಪಲ್ಸಿನ ಹೊಟ್ಟೆ' ಎಂಬ ಪುಸ್ತಕವನ್ನು ಅದೇ ವರ್ಷ ಬರೆದರು. ಓಣಿಗಳನ್ನು ಒಡೆದರಷ್ಟೆ ಸಾಲದು. ಅಲ್ಲಿನವರು ಏನು ತಿನ್ನುತ್ತಾರೆ, ಎಷ್ಟು ದುಡಿಯುತ್ತಾರೆ, ಯಾರಿಗೆ ಬಡ್ಡಿ ತೆರುತ್ತಾರೆ ಎಂಬುದನ್ನು ಆಳುವವರು ತಿಳಿಯಬೇಕೆಂದು ಅವರ ವಾದ. 1885ರಲ್ಲಿ ನಗರಶುದ್ಧಿಯ ಶಾಸನವಾಯಿತು. ಹಳೆಯ ಕೇರಿಗಳನ್ನು ಸೀಳಿಕೊಂಡು ವಿಶಾಲವಾದ ಒಂದು ನೇರಬೀದಿ ಎದ್ದಿತು. ಅದರ ಎರಡೂ ಬದಿಗೆ ಭವ್ಯವಾದ ಕಟ್ಟಡಗಳು. ಇಪ್ಪತ್ತು ವರ್ಷಗಳ ಬಳಿಕ ಸೆರಾವೊ ಮತ್ತೆ ಹೋಗಿ ನೋಡಿದಾಗ, ಆ ಭವ್ಯ ಕಟ್ಟಡಗಳು ಒಂದು ತೆರೆಯಂತೆ ನಿಂತಿದ್ದುವು. ತೆರೆಯ ಹಿಂದೆ ಹಳೆಯ ದಾರಿದ್ರ್ಯ ಹಾಗೆಯೇ ಇದ್ದಿತು. ಮನೆ ಕಳೆದುಕೊಂಡವರಿಗೆ ಹೊಸ ಮನೆಗಳ ಬಾಡಿಗೆಯನ್ನು ತೆರಲು ಶಕ್ತಿ ಸಾಲದೆ, ಉಳಿದಿದ್ದ ಓಣಿಗಳಲ್ಲಿಯೇ ಇನ್ನಷ್ಟು ಒತ್ತಾಗಿ ತುಂಬಿಕೊಂಡಿದ್ದರು. 1973ರಲ್ಲಿ ಕಾಲರಾ ಮತ್ತೊಮ್ಮೆ ಬಂದಿತು. ಬಾಸ್ಸೊಗಳಲ್ಲಿ ಕೈಗವಸು ಹೊಲಿಯುವ, ಪಾದರಕ್ಷೆ ಅಂಟಿಸುವ ಹೆಣ್ಣುಮಕ್ಕಳು ಗಾಳಿಯಾಡದ ಕೋಣೆಗಳಲ್ಲಿ ಅಂಟಿನ ವಿಷವನ್ನು ಉಸಿರಾಡಿ ನರಗಳ ಬೇನೆಗೆ ತುತ್ತಾದುದೂ ಆ ದಶಕದಲ್ಲಿಯೇ. ಓಣಿಯ ಬಾಳನ್ನು ಹಾಡಿ ಹೊಗಳುವವರು ಇದನ್ನೂ ಬಲ್ಲವರಾಗಿರಬೇಕು.

ಓಣಿಯವರನ್ನು ಹೊರಗೆ ಕರೆದೊಯ್ಯುವ ಪ್ರಯತ್ನ ಎರಡನೆಯ ಸಲ ನಡೆದುದು ನಮ್ಮ ಕಾಲದಲ್ಲಿ. ನಗರದ ಉತ್ತರದ ಅಂಚಿನ ಸ್ಕಂಪೀಯ ಎಂಬಲ್ಲಿ 1960ರ ದಶಕದಿಂದ 1975ರ ವೇಳೆಗೆ ಏಳು ಭಾರಿ ವಸತಿ ಕಟ್ಟಡಗಳು ಮೇಲೆದ್ದುವು. ಹಾಯಿಯ ಆಕಾರ ಇದ್ದುದರಿಂದ ಅವಕ್ಕೆ 'ವೇಲೆ', ಹಾಯಿಗಳು, ಎಂದೇ ಹೆಸರಾಯಿತು. ವಾಸ್ತುಶಿಲ್ಪಿ ಫ್ರಾನ್ಸ್ ದಿ ಸಾಲ್ವೊ ಎಂಬಾತನಿಗೆ ಹಳೆಯ ಓಣಿಯ ಗುಣ ತಿಳಿದಿತ್ತು. ಅದನ್ನು ಹೊಸ ಕಟ್ಟಡದೊಳಗೆ ತರಲು ಅವನು ಮನೆಗಳ ಎರಡು ಸಾಲುಗಳ ನಡುವೆ ತೂಗುಸೇತುವೆಗಳಂಥ ನಡೆದಾರಿಗಳನ್ನು ಕಲ್ಪಿಸಿದನು. ನೆರೆಯವರು ಅಲ್ಲಿ ಎದುರುಬದುರಾಗಿ ನಿಂತು ಮಾತನಾಡುವರು, ಮಕ್ಕಳು ಆಡುವರು ಎಂಬುದು ಆಶಯ. 1980ರ ನವೆಂಬರ್ 23ರ ಭೂಕಂಪದಿಂದ ಹಳೆಯ ನಗರದಲ್ಲಿ ಮನೆ ಕಳೆದುಕೊಂಡ ಅನೇಕ ಸಂಸಾರಗಳು ಕೆಲಸ ಮುಗಿಯದ ಆ ಕಟ್ಟಡಗಳಿಗೆ ನುಗ್ಗಿದುವು. ಅಂಗಡಿಯಿಲ್ಲ, ಕಸುಬಿಲ್ಲ, ಪೇಟೆಗೆ ಹೋಗಲು ತಕ್ಕ ಸೌಕರ್ಯವಿಲ್ಲ. ನೆರಳಿನ ನಡೆದಾರಿಗಳನ್ನು ಮಾದಕದ್ರವ್ಯಗಳ ವ್ಯಾಪಾರಿಗಳು ಹಿಡಿದುಕೊಂಡರು. 1997ರಿಂದ ಆ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತ ಬಂದರು. 2024ರ ಜುಲೈ ತಿಂಗಳಿನಲ್ಲಿ, ಇನ್ನೂ ಜನರು ವಾಸವಾಗಿದ್ದ ಒಂದು ಹಾಯಿಯಲ್ಲಿ, ಅಂಥದೇ ಒಂದು ನಡೆದಾರಿ ಕುಸಿದುಬಿದ್ದು ಮೂವರು ಸತ್ತರು. ಓಣಿಯ ಅಗಲವನ್ನೂ ಉದ್ದವನ್ನೂ ಅಳೆದು ಬೇರೆಡೆ ಕಟ್ಟಬಹುದು. ಬುಟ್ಟಿಗೆ ಬ್ರೆಡ್ಡು ಹಾಕುವ ಅಂಗಡಿಯೂ ಅಂಗಡಿಯವನಿಗೆ ಸಾಲದ ಗುರುತಿರುವ ಗಿರಾಕಿಯೂ ನೀಲಿನಕ್ಷೆಯಲ್ಲಿ ಬರುವುದಿಲ್ಲ.

ಹೀಗೆ ಕಾಲರಾಕ್ಕೂ ಶಾಸನಕ್ಕೂ ಭೂಕಂಪಕ್ಕೂ ಪೂರ್ತಿಯಾಗಿ ಮಣಿಯದ ಓಣಿ ಈಗ ಮಣಿಯುತ್ತಿರುವುದು ಮೆಚ್ಚುಗೆಗೆ. ಇಪ್ಪತ್ತು ವರ್ಷಗಳ ಹಿಂದೆ ಸ್ಪೇನಿಗರ ಕೇರಿಗೆ ಹೋಗಬೇಡಿರೆಂದು ಪ್ರವಾಸಿಗಳಿಗೆ ಬುದ್ಧಿ ಹೇಳುತ್ತಿದ್ದರು. 1995ರಲ್ಲಿ ಯುನೆಸ್ಕೊ ಸಂಸ್ಥೆ ನೇಪಲ್ಸಿನ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2012ರಲ್ಲಿ ತೊಲೇದೊ ಬೀದಿಯಲ್ಲಿ ಭೂಗತ ರೈಲಿನ ಸುಂದರವಾದ ನಿಲ್ದಾಣ ತೆರೆಯಿತು. ಎಲ್ಲಕ್ಕಿಂತ ಮಿಗಿಲಾಗಿ, ಕೇರಿಯ ಒಂದು ಗೋಡೆಯ ಮೇಲೆ 1990ರಲ್ಲಿ ಬರೆದ ಕಾಲ್ಚೆಂಡಾಟಗಾರ ಮರಡೋನನ ದೊಡ್ಡ ಚಿತ್ರವೊಂದಿದೆ. 2020ರ ನವೆಂಬರಿನಲ್ಲಿ ಅವನು ತೀರಿಕೊಂಡ ಮೇಲೆ ಆ ಜಾಗ ಯಾತ್ರಾಸ್ಥಳವಾಯಿತು. 33 ವರ್ಷಗಳ ನಂತರ 2023ರಲ್ಲಿ ನೇಪಲ್ಸ್ ತಂಡ ಮತ್ತೆ ಇಟಲಿಯ ಪ್ರಶಸ್ತಿಯನ್ನು ಗೆದ್ದಾಗಲಂತೂ ಜನ ಹರಿದುಬಂದರು. ಇಂದು ಆ ಚಿತ್ರದ ಸುತ್ತಲಿನ ಓಣಿಗಳಲ್ಲಿ ಮೇರಿಮಾತೆಯ ಗೂಡಿಗಿಂತ ಮರಡೋನನ ಗೂಡುಗಳೇ ಹೆಚ್ಚಾಗಿ ಕಾಣುತ್ತವೆ.

ಬಂದವರಿಗೆ ತಂಗಲು ಸ್ಥಳ ಬೇಕು. ಹೋಟೆಲು ಕಟ್ಟಲು ಓಣಿಯಲ್ಲಿ ಜಾಗವಿಲ್ಲ. ಆದರೆ ಬಾಸ್ಸೊಗಳಿವೆ. ಇಲ್ಲಿನ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಟಲಿಯಲ್ಲಿ ಒಂದು ಸಂಸಾರಕ್ಕೆ ಮನೆಯನ್ನು ಬಾಡಿಗೆಗೆ ಕೊಟ್ಟರೆ 1998ರ ಶಾಸನದಂತೆ ಸಾಮಾನ್ಯ ಕರಾರು ನಾಲ್ಕು ವರ್ಷದ್ದು. ಅದು ಇನ್ನೂ ನಾಲ್ಕು ವರ್ಷಕ್ಕೆ ಮುಂದುವರಿಯುತ್ತದೆ. ಬಾಡಿಗೆದಾರ ಹಣ ಕೊಡದಿದ್ದರೆ ಬಿಡಿಸಲು ಕೋರ್ಟು ಹತ್ತಬೇಕು. ಅದೇ ಕೋಣೆಯನ್ನು ಪ್ರವಾಸಿಗೆ ಮೂವತ್ತು ದಿನಕ್ಕೆ ಮೀರದಂತೆ ಕೊಟ್ಟರೆ ಕರಾರನ್ನು ನೋಂದಾಯಿಸುವ ತೊಡಕೂ ಇಲ್ಲ, ಹಣ ಮುಂಗಡವಾಗಿಯೇ ಬರುತ್ತದೆ, ಹೋಗೆಂದು ಹೇಳುವ ಮೊದಲೇ ಆತ ಹೋಗಿರುತ್ತಾನೆ. ಮನೆಯೊಡೆಯ ಇದರಲ್ಲಿ ಯಾವುದನ್ನು ಆರಿಸಿಕೊಳ್ಳುವನೆಂಬುದನ್ನು ಹೇಳಲು ಅರ್ಥಶಾಸ್ತ್ರ ಬೇಕಾಗಿಲ್ಲ. ಅವನೇನೂ ಯಾವಾಗಲೂ ಸಿರಿವಂತನಲ್ಲ. ತಾಯಿ ಬಿಟ್ಟುಹೋದ ಒಂದು ಕೋಣೆಯನ್ನು ಹೀಗೆ ಬಾಡಿಗೆಗೆ ಕೊಟ್ಟು ಮಕ್ಕಳನ್ನು ಓದಿಸುವ ವಿಧವೆಯೂ ಇದ್ದಾಳೆ. ಕೇರಿಯ ಹುಡುಗರಿಗೆ ಕಾಫಿ ಅಂಗಡಿಗಳಲ್ಲಿ, ತಿಂಡಿಯ ಮನೆಗಳಲ್ಲಿ ಕೆಲಸ ಸಿಕ್ಕಿದೆ. ಪುಂಡರ ಗುಂಪು ಸೇರುವುದಕ್ಕಿಂತ ಇದು ಲೇಸೆಂದು ತಾಯಂದಿರು ಹೇಳಿದರೆ ಅದಕ್ಕೆ ಎದುರಾಡುವ ಅಧಿಕಾರ ದೂರದಿಂದ ಬಂದ ನನಗಿಲ್ಲ. ಹೋಗಲೇಬೇಕಾದವನು ಬಾಡಿಗೆದಾರ. ಕರಾರು ಮುಗಿದಾಗ ಅವನಿಗೆ ಮತ್ತೊಂದು ಕರಾರು ಸಿಗುವುದಿಲ್ಲ.

ಮುಂದೆ ಏನಾಗಬಹುದೆಂಬುದಕ್ಕೆ ವೆನಿಸ್ ನಗರ ಕಣ್ಣೆದುರಿಗಿದೆ. 1951ರಲ್ಲಿ ಅದರ ದ್ವೀಪನಗರದಲ್ಲಿ 1,74,000ಕ್ಕೂ ಹೆಚ್ಚು ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಸೇತುವೆಯ ಹತ್ತಿರದ ಒಂದು ಔಷಧದ ಅಂಗಡಿಯವರು 2008ರಿಂದ ತಮ್ಮ ಗಾಜಿನ ಕಿಟಕಿಯಲ್ಲಿ ಉಳಿದ ನಿವಾಸಿಗಳ ಲೆಕ್ಕವನ್ನು ಅಂಕಿಗಳಲ್ಲಿ ತೋರಿಸುತ್ತ ಬಂದರು. 2024ರ ಏಪ್ರಿಲ್ 25ರಿಂದ ಹಗಲು ಬಂದು ಹೋಗುವ ಪ್ರವಾಸಿಗಳಿಂದ ಗೊತ್ತಾದ ದಿನಗಳಲ್ಲಿ ಐದು ಯೂರೊ ಸುಂಕವನ್ನು ವೆನಿಸ್ ವಸೂಲುಮಾಡತೊಡಗಿತು. ಊರಿಗೆ ಟಿಕೆಟ್ಟು ಇಟ್ಟರೆ ಅದು ಪ್ರದರ್ಶನಶಾಲೆಯೆಂದು ಒಪ್ಪಿಕೊಂಡಂತಾಯಿತಲ್ಲವೆ ಎಂದು ಅಲ್ಲಿನವರೇ ಕೆಲವರು ಬೀದಿಗಿಳಿದು ಪ್ರತಿಭಟಿಸಿದರು. ನನಗೂ ಆ ಆಕ್ಷೇಪಣೆ ಸರಿಯೆಂದು ತೋರುತ್ತದೆ. ಫ್ಲಾರೆನ್ಸ್ ನಗರ ಇನ್ನಷ್ಟು ಧೈರ್ಯದ ದಾರಿ ಹಿಡಿದು, 2023ರ ಅಕ್ಟೋಬರಿನಲ್ಲಿ ತನ್ನ ಹಳೆಯ ನಗರಭಾಗದಲ್ಲಿ ಹೊಸದಾಗಿ ಅಲ್ಪಕಾಲದ ಬಾಡಿಗೆಗೆ ಮನೆಗಳನ್ನು ಕೊಡಕೂಡದೆಂದು ಗೊತ್ತುಪಡಿಸಿತು.

ಕೇಂದ್ರ ಸರಕಾರ ಮಾತ್ರ ಕೀಲಿಕೈಯ ಸುತ್ತಲೇ ಸುತ್ತುತ್ತಿದೆ. ಇಂಥ ಪ್ರತಿ ಮನೆಗೂ ಒಂದು ರಾಷ್ಟ್ರೀಯ ಸಂಖ್ಯೆ ಇರಬೇಕು, ಅದನ್ನು ಹೊರಗೆ ತೂಗುಹಾಕಬೇಕು ಎಂಬ ನಿಯಮ 2025ರ ಜನವರಿಯಿಂದ ಜಾರಿಗೆ ಬಂದಿದೆ. ಅತಿಥಿಯ ಮುಖವನ್ನು ಒಡೆಯ ಎದುರಿಗೇ ನೋಡಿ ಗುರುತು ಹಿಡಿಯಬೇಕು, ಗೋಡೆಯ ಪೆಟ್ಟಿಗೆಯಿಂದ ಕೀಲಿಕೈ ಕೊಡಕೂಡದು ಎಂದು ಗೃಹಖಾತೆ 2024ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. 2025ರ ಮೇ ತಿಂಗಳಿನಲ್ಲಿ ರೋಮಿನ ಆಡಳಿತ ನ್ಯಾಯಾಲಯ ಅದನ್ನು ರದ್ದುಮಾಡಿತು; ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಸುತ್ತೋಲೆಗೆ ಸರಕಾರ ಕೊಟ್ಟ ಕಾರಣ ದೇಶದ ಭದ್ರತೆ. ಅಪರಿಚಿತನು ಯಾರೆಂಬುದು ಪೊಲೀಸರಿಗೆ ತಿಳಿದಿರಬೇಕೆಂಬುದು. ಓಣಿಯಲ್ಲಿ ಕುರ್ಚಿ ಹಾಕಿ ಕುಳಿತ ಹೆಂಗಸರು ನಾಲ್ಕುನೂರು ವರ್ಷಗಳಿಂದ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸ ಅದೇ. ಯಾರು ಬಂದರು, ಯಾರ ಮನೆಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. (ಆ ಕಣ್ಣುಗಳ ಕಾವಲಿಗೆ ಬೇಸತ್ತು ಊರುಬಿಟ್ಟ ಹುಡುಗಿಯರ ಕಥೆಯನ್ನು ಯಾರಾದರೂ ಬರೆಯಬೇಕು.)

ಇಷ್ಟು ಬರೆಯುವಾಗ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವವನು ಪಿಯೆತ್ರೊ ದೆಲ್ಲ ವಾಲ್ಲೆ. ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ರೋಮಿನ ಶ್ರೀಮಂತ ಮನೆತನದ ಇವನು 1614ರಲ್ಲಿ ಹಡಗು ಹತ್ತಿ, ಹಲವು ದೇಶಗಳನ್ನು ಸುತ್ತಿ, 1623ರ ನವೆಂಬರಿನಲ್ಲಿ ಗೋವೆಯ ಪೋರ್ತುಗೀಜರ ರಾಯಭಾರಿಯೊಂದಿಗೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದನು. ಘಟ್ಟದ ಮೇಲಿನ ದೇವಾಲಯವೊಂದರ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ಇಕ್ಕೇರಿಯ ಬೀದಿಯಲ್ಲಿ ಸಂಜೆ ಹೆಣ್ಣುಮಕ್ಕಳು ಬಣ್ಣದ ಕೋಲುಗಳನ್ನು ಒಂದಕ್ಕೊಂದು ತಾಗಿಸುತ್ತ ಕುಣಿದು ಹೋದುದನ್ನು ನೋಡಿದನು. ಕಂಡುದನ್ನೆಲ್ಲ ಒಬ್ಬ ಗೆಳೆಯನಿಗೆ ಪತ್ರಗಳಾಗಿ ಬರೆದನು. ಮಾರಿಯೊ ಸ್ಕಿಪಾನೊ ಎಂಬ ಆ ಗೆಳೆಯ ಇದ್ದುದು ನೇಪಲ್ಸಿನಲ್ಲಿ. ನಮ್ಮ ಬೀದಿಯ ಸಂಜೆಯೊಂದು ಹಾಗೆ ಈ ಊರಿನ ಯಾವುದೋ ಮನೆಗೆ ಬಂದು ಸೇರಿತು.

ದೆಲ್ಲ ವಾಲ್ಲೆಯೂ ಪ್ರವಾಸಿಯೇ. ಕುತೂಹಲ ಅವನಿಗೂ ಇದ್ದಿತು. ಆದರೆ ಅವನು ನೋಡಿದುದರಿಂದ ಇಕ್ಕೇರಿಯ ಯಾವ ಮನೆಯೂ ತೆರವಾಗಲಿಲ್ಲ, ಹುಡುಗರು ಮೊಗಸಾಲೆಯನ್ನು ಬಿಟ್ಟೇಳಲಿಲ್ಲ. ನನ್ನ ನೋಟಕ್ಕೆ ಆ ನಿರಪರಾಧಿತ್ವವಿಲ್ಲ. ನಾನು ನೋಡಲು ಬಂದುದು ಬಾಸ್ಸೊದ ಬಾಳನ್ನು. ಮಲಗಲು ಆರಿಸಿಕೊಂಡುದೂ ಬಾಸ್ಸೊವನ್ನೇ. ನಾನು ಮಲಗಿದ ಮಂಚದಷ್ಟು ಜಾಗದಲ್ಲಿ ನಾನು ನೋಡಬಯಸಿದ ಬಾಳು ಇಲ್ಲವಾಗಿದ್ದಿತು. ನನ್ನಂತೆಯೇ ಎಡಬಲದ ಎರಡು ಕೋಣೆಗಳಲ್ಲಿಯೂ ಪ್ರವಾಸಿಗಳು. ಅವರ ಬಾಗಿಲುಗಳು ಹಗಲೆಲ್ಲ ಮುಚ್ಚಿರುತ್ತಿದ್ದುವು. ಆ ಓಣಿಯ ನಮ್ಮ ತುಂಡಿನಲ್ಲಿ ನೆಲಮಟ್ಟದ ಹನ್ನೊಂದು ಬಾಗಿಲುಗಳನ್ನು ನಾನು ಎಣಿಸಿದೆ. ಆರರ ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆಗಳಿದ್ದುವು. ಉಳಿದ ಐವರು ಸಂಜೆ ಕುರ್ಚಿ ಹಾಕಿ ಕುಳಿತುಕೊಂಡಾಗ ಒಬ್ಬರಿಗೊಬ್ಬರು ದೂರವಾಗಿ, ಮಾತನಾಡಲು ಸ್ವಲ್ಪ ಗಟ್ಟಿಯಾಗಿ ಕೂಗಬೇಕಾಗಿತ್ತು.

ಪರಂಪರೆಯ ಪಟ್ಟಿ ಕಲ್ಲನ್ನು ಕಾಯುತ್ತದೆ. ಕಿಟಕಿಯ ಚೌಕಟ್ಟಿನ ಬಣ್ಣ ಬದಲಿಸಲು ಅನುಮತಿ ಬೇಕು. ಕಿಟಕಿಯ ಹಿಂದಿನ ಸಂಸಾರವನ್ನು ಬದಲಿಸಲು ಯಾರ ಅನುಮತಿಯೂ ಬೇಡ. ಬಾಸ್ಸೊದವರು ಅದೇ ತೇವದಲ್ಲಿ ಅದೇ ಕತ್ತಲೆಯಲ್ಲಿ ಇದ್ದುಬಿಡಲಿ ಎಂದು ನಾನು ಹೇಳುತ್ತಿಲ್ಲ. ನನಗೆಂದು ಮಾಡಿಸಿದ ಒಣಗೋಡೆ, ಒಳ್ಳೆಯ ಸ್ನಾನದ ಮನೆ, ಗಾಳಿಯಂತ್ರ, ಇವು ಎಂಟು ದಿನದ ಅತಿಥಿಗೆ ಸಾಧ್ಯವಾದುವೆಂದ ಮೇಲೆ ಎಂಬತ್ತು ವರ್ಷ ಅಲ್ಲಿಯೇ ಬಾಳಿದವರಿಗೆ ಏಕೆ ಸಾಧ್ಯವಾಗಲಿಲ್ಲ? 1885ರ ಶಾಸನವನ್ನು ಕುರಿತು ಸೆರಾವೊ ಕೇಳಿದುದೂ ಹೆಚ್ಚುಕಡಿಮೆ ಇದನ್ನೇ.

ಭಾನುವಾರ ನಾನು ಬಾಗಿಲಿನಲ್ಲಿ ಕುಳಿತು ಓದುತ್ತಿದ್ದೆ. ಓಣಿಯ ತುಂಬ ಟೊಮ್ಯಾಟೊ ಗೊಜ್ಜು ಸಣ್ಣ ಉರಿಯಲ್ಲಿ ಬೇಯುವ ವಾಸನೆ. ಭಾನುವಾರದ ಊಟಕ್ಕೆ ಅದನ್ನು ಬೆಳಗಿನಿಂದಲೇ ಒಲೆಯ ಮೇಲಿಡುತ್ತಾರೆ. ಅರುವತ್ತು ದಾಟಿದ ಗಂಡಸೊಬ್ಬರು, ಅವರ ಹೆಂಡತಿ, ಒಬ್ಬ ಮೊಮ್ಮಗ ಎದುರುಮನೆಯ ವೃದ್ಧೆಯನ್ನು ನೋಡಲು ಬಂದರು. ಹಿಂದೆ ಈ ಓಣಿಯವರೇ, ಈಗ ಊರಾಚೆ ಇದ್ದಾರೆ ಎಂದು ವೃದ್ಧೆ ಪರಿಚಯ ಮಾಡಿಕೊಟ್ಟರು. ಆತ ನನ್ನ ಬಾಗಿಲಿನತ್ತ ಬಂದು ಟೋಪಿ ತೆಗೆದು, "ದೊತ್ತೋ, ತಮಗೆ ತೊಂದರೆಯಿಲ್ಲವಾದರೆ ಒಳಗೆ ಬಂದು ಒಮ್ಮೆ ನೋಡಬಹುದೆ?" ಎಂದು ಕೇಳಿದರು. ಅವರು ಹುಟ್ಟಿದ್ದು ಆ ಕೋಣೆಯಲ್ಲಿ.

ಬನ್ನಿ ಎಂದೆ. ಅವರು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು ಒಳಗೆ ಬಂದರು. ಇಲ್ಲಿ ಒಲೆ, ಇಲ್ಲಿ ಅಮ್ಮನ ಹೊಲಿಗೆಯ ಯಂತ್ರ, ಇಲ್ಲಿ ನಾವು ನಾಲ್ವರು ಮಕ್ಕಳು ಎಂದು ಬೆರಳು ತೋರಿಸಿದರು. ಹಿಂಗೋಡೆಯ ಮೇಲೆ ಅಂಗೈಯನ್ನು ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತರು. "ಒಣಗಿದೆ," ಎಂದರು. "ಚೆನ್ನಾಗಿ ಮಾಡಿಸಿದ್ದಾರೆ. ನಮ್ಮ ಕಾಲದಲ್ಲಿ ಈ ಗೋಡೆಯಿಂದ ನೀರು ಇಳಿಯುತ್ತಿತ್ತು." ಆಮೇಲೆ ಒಂದು ರಾತ್ರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಬಾಗಿಲಿಗೆ ಹೋಗಿ, ಹೊರಗೆ ನಿಂತಿದ್ದ ಹೆಂಡತಿಗೆ ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರು. ಆಕೆ ಅದನ್ನು ಎದುರುಮನೆಯವರಿಗೆ ಹೇಳಿದರು. ಮೇಲಿನ ಅಂತಸ್ತಿನ ಬಾಲ್ಕನಿಯಿಂದ ಇನ್ನಾರೋ ಎಷ್ಟಂತೆ, ಎಷ್ಟಂತೆ ಎಂದು ಕೂಗಿ ಕೇಳಿದರು.

ವೃದ್ಧೆ ಒಳಗಿನಿಂದ ಮತ್ತೆರಡು ಕುರ್ಚಿಗಳನ್ನು ತಂದು ಓಣಿಯ ನಡುವೆ ಹಾಕಿ, ಕಾಫಿಗೆ ನನ್ನನ್ನೂ ಕರೆದರು.